ಚಹಾದಲ್ಲಿ ಅದ್ದಿದ ಫ್ರಾಕು

“ಬಡವ್ರು ಎಲ್ಲಿದ್ದಾರೆ?”

ಕಾರಿನಿಂದ ಇಳಿದ ಗಣೇಶಮೂರ್ತಿಯವರು ಕೇಳಿದ್ದು ಯಾರನ್ನೂ ಅಲ್ಲ. ಅವರೆದುರಿಗೇ ನಾವು ಇಪ್ಪತ್ತು ಜನ ಸಾಲಾಗಿ ನಿಂತಿದ್ದೆವು. ಹುಂಚದ ರಸ್ತೆಯಿಂದ ಒಳಗೆ, ಜಂಬಿಟ್ಟಿಗೆ ಕಲ್ಲು ಕಡಿಯುವ ಕ್ವಾರಿಯ ಪಕ್ಕದ ಕೇರಿ ನಮ್ಮದು. ದೊಡ್ಡವರು ನೋಡಲು ಬರುತ್ತಾರೆಂದು ಬೆಳಿಗ್ಗೆಯೇ ಮೈಗಂಟಿದ ಕೆಂಪು ಧೂಳು ತೊಳೆದು, ಅಂಗಳಕ್ಕೆ ಸಗಣಿ ಸಾರಿಸಿ, ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟಿದ್ದೆವು.

ಕ್ವಾರಿಯ ಲೆಕ್ಕ ಬರೆಯುವ ರೈಟರ್ ಗಜಾನನ ಹಲ್ಲು ಕಡಿದ. “ಮುಂಡೇವಾ, ಸ್ನಾನ ಮಾಡಿ ಅಂತ ಯಾವನ್ರೋ ಹೇಳಿದ್ದು ನಿಮಗೆ? ವರ್ಷವೆಲ್ಲ ಹೊಲಸಾಗಿರ್ತೀರಿ, ಇವತ್ತೇ ಮದುಮಕ್ಕಳಾಗ್ಬೇಕಿತ್ತಾ?”

“ನೆಂಟ್ರು ಬರ್ತಾರೆ ಅಂದ್ರಲಾ ಸಾಮಿ,” ಎಂದ ಪುಟ್ಟಪ್ಪಜ್ಜ.

ವಿಷಯ ಇಷ್ಟೇ. ಸಾಗರದ ಟಾಕೀಸಿನಲ್ಲಿ ಬಡ ಹುಡುಗಿಯೊಬ್ಬಳ ಸಿನಿಮಾ ನೋಡಿ ಗಣೇಶಮೂರ್ತಿ, ವನಮಾಲಾ ದಂಪತಿ ಮೂರು ಕರವಸ್ತ್ರ ಒದ್ದೆಯಾಗುವಷ್ಟು ಅತ್ತಿದ್ದರಂತೆ. ಅತ್ತ ಮೇಲೆ ಸುಮ್ಮನಿರಬಾರದೆಂದು ಒಂದು ಸೈಕಲ್ ಕೊಂಡು ಕಾರಿನ ಮೇಲೆ ಕಟ್ಟಿ ತಂದಿದ್ದರು. ಅದು ಹುಲಿಯಮ್ಮನ ಮಗಳು ನವ್ಯಾಳಿಗೆ. ಏಳನೇ ಕ್ಲಾಸು ಮುಗಿಸಿದ್ದಾಳೆ; ಎಂಟು ಓದಲು ಹನ್ನೊಂದು ಕಿಲೋಮೀಟರು ಹೋಗಬೇಕು; ಆ ದಾರಿಗೆ ಬಸ್ಸಿಲ್ಲ. ಸೈಕಲ್ ಸಿಗದಿದ್ದರೆ ಸೋಮವಾರದಿಂದ ಅವಳೂ ಕಲ್ಲು ಹೊರಬೇಕು.

ಕೊಡುವ ಮೊದಲು ವಿಡಿಯೋ ಆಗಬೇಕಿತ್ತು. ನವ್ಯಾ ಕ್ಯಾಮೆರಾ ನೋಡಿ ಹಲ್ಲು ಬಿಟ್ಟಳು.

“ನಗಬಾರ್ದು ಮಗಾ. ಅಳ್ಬೇಕು.”

“ಎಂತಕ್ಕೆ?”

ಗಣೇಶಮೂರ್ತಿ ತಾವೇ ಅತ್ತು ತೋರಿಸಿದರು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಮಣ್ಣಿನಲ್ಲಿ ಮಂಡಿಯೂರಿ, ಕಂಠ ನಡುಗಿಸಿ, ಆಕಾಶಕ್ಕೆ ಕೈಯೆತ್ತಿ ಚೆನ್ನಾಗಿಯೇ ಅತ್ತರು. ಪುಟ್ಟಪ್ಪಜ್ಜ ಓಡಿಹೋಗಿ ಚೊಂಬಿನಲ್ಲಿ ನೀರು ತಂದ. “ಅಯ್ಯೋ ಪಾಪ, ಯಾರು ತೀರ್ಕಂಡ್ರು ಸಾಮಿ?” ಎಂದು ಬೆನ್ನು ಸವರಲು ಹೋಗಿ, ಮುಟ್ಟಬಹುದೋ ಬಾರದೋ ತಿಳಿಯದೆ ಗಾಳಿಯನ್ನೇ ಸವರಿದ.

ವನಮಾಲಾ ಗಂಡನ ಕಿವಿಯಲ್ಲಿ ಅಂದರು: “ಇವ್ಕೆ ಬಡತನನೇ ಇಲ್ಲೆ ಹೇಳಿ ಕಾಣ್ತು. ಆ ಸಿನಿಮಾದಲ್ಲಿ ಎಷ್ಟು ಚೊಲೋ ಇದ್ದಿತ್ತು!”

ಅದಕ್ಕೂ ಅವರು ತಯಾರಾಗಿಯೇ ಬಂದಿದ್ದರು. ಡಿಕ್ಕಿಯಿಂದ ಒಂದು ಫ್ರಾಕು ಹೊರಬಂತು. ಹೊಸದು. ಕತ್ತರಿಯಿಂದ ಭುಜ, ಸೊಂಟ, ಅಂಚು ಸೀಳಿ, ಚಹಾದಲ್ಲಿ ಅದ್ದಿ ಒಣಗಿಸಿದ್ದು. ಅಂಗಡಿಯ ಬೆಲೆಚೀಟಿ ಇನ್ನೂ ಕಂಕುಳಲ್ಲಿ ತೂಗುತ್ತಿತ್ತು.

“ಒಳಗೆ ಹೋಗಿ ಇದನ್ನ ಹಾಕ್ಸಿ ಕರ್ಕೊಂಡ್ ಬಾ ಮಾರಾಯ್ತಿ,” ಎಂದು ವನಮಾಲಾ ಅದನ್ನು ಹುಲಿಯಮ್ಮನ ಕೈಗಿತ್ತರು.

ಹುಲಿಯಮ್ಮ ಮುಕ್ಕಾಲು ಗಂಟೆ ಹೊರಬರಲಿಲ್ಲ. ಗಜಾನನ ಬಾಗಿಲು ಬಡಿದ. “ಎಂತದೇ, ಹೆರ್ತಾ ಇದೀಯಾ ಒಳಗೆ?”

ಕೊನೆಗೆ ತಾಯಿ ಮಗಳು ಬಂದರು. ಭುಜದ ಹರುಕಿಗೆ ಒತ್ತೊತ್ತಾಗಿ ಹೊಲಿಗೆ ಬಿದ್ದಿತ್ತು. ಸೊಂಟದ ತೂತು ಹಳದಿ ದಾರದ ಹೂವಾಗಿತ್ತು. ಕೊರಳ ಬಳಿ ಅರಿಶಿನದ ಬೊಟ್ಟು. ಹರಿದದ್ದನ್ನು ಹೊಲಿಯದೆ ಮಕ್ಕಳಿಗೆ ತೊಡಿಸಿದರೆ ಆಯುಸ್ಸು ಸೋರುತ್ತದೆ ಎನ್ನುವುದು ನಮ್ಮ ಕೇರಿಯ ಮಾತು.

“ಅಂಗಡಿಯವ್ನು ನಿಮಗೆ ಮೋಸ ಮಾಡಿದಾನೆ ಅಮ್ಮಾ, ಬರೀ ಹರ್ಕು ಕೊಟ್ಟಿದಾನೆ,” ಎಂದಳು ಹುಲಿಯಮ್ಮ. “ಈಗ ಸರಿ ಆಯ್ತು ನೋಡಿ.”

ನವ್ಯಾ ಗಿರ್ರನೆ ಸುತ್ತಿದಳು. ಚಂದ ಕಂಡಳು.

ಡ್ರೈವರು ಸೈಕಲ್ಲಿನ ಹಗ್ಗಕ್ಕೆ ಕೈ ಹಾಕಿದ್ದ. ಗಣೇಶಮೂರ್ತಿ, “ತಡಿ,” ಎಂದರು. ವನಮಾಲಾ ಕೈಚೀಲದಿಂದ ಪುಟ್ಟ ಕತ್ತರಿ ತೆಗೆದು ಹುಲಿಯಮ್ಮನಿಗೆ ಕೊಟ್ಟರು. ದನಿ ಬಹಳ ಮೆದುವಾಗಿತ್ತು.

“ಐದೇ ನಿಮಿಷ ಹುಲಿಯಮ್ಮ. ಹೊಲಿಗೆ ಎಲ್ಲ ಕತ್ತರಿಸ್ಬಿಡು. ವಿಡಿಯೋ ಆದ್ಮೇಲೆ ಬೇಕಾದ್ರೆ ಮತ್ತೆ ಹೊಲ್ಕೋ. ಸೈಕಲ್ ನಿನ್ ಮಗಳಿಗೇ.”

ಹುಲಿಯಮ್ಮ ಸೈಕಲ್ಲನ್ನು ನೋಡಿದಳು. ಹ್ಯಾಂಡಲ್ಲಿಗೆ ಸುತ್ತಿದ ಪ್ಲಾಸ್ಟಿಕ್ಕು ಬಿಸಿಲಿಗೆ ಹೊಳೆಯುತ್ತಿತ್ತು. ಮಗಳನ್ನು ನೋಡಿದಳು. ನವ್ಯಾ ಸುತ್ತುವುದನ್ನು ನಿಲ್ಲಿಸಿದ್ದಳು.

“ಕತ್ತರಿಸೇ ಮುಂಡೆ, ಸಾರ್ ಕಾಯ್ತಾ ಇದಾರೆ!” ಗಜಾನನ ಕೂಗಿದ.

ಅವಳು ಕತ್ತರಿಯನ್ನು ವನಮಾಲಾರ ಅಂಗೈಯಲ್ಲಿಟ್ಟು, ತನ್ನ ಕೈಯಿಂದಲೇ ಅವರ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

“ಇಲ್ಲ ಅಮ್ಮಾ. ನಾ ಕತ್ತರ್ಸಲ್ಲ.”