ಯಮನ ಕೋಣಕ್ಕೂ ಇಸಿಜಿ ತೆಗೆದ ನಾನು

ಯಮನ ಕೋಣಕ್ಕೇ ಇಸಿಜಿ ತೆಗೆದಿದ್ದೇನೆ ನಾನು. ಗೆರೆ ಬಿದ್ದ ಕಾಗದದ ಪಟ್ಟಿ ನೋಡಿ ಯಮರಾಯ ಬೆವರಿದ. ಕೋಣದ ಬೆನ್ನೇರದೆ, ಹಗ್ಗ ಹಿಡಿದು ನಡೆದುಕೊಂಡೇ ವಾಪಸು ಹೋದ. ನಂಬದಿದ್ದರೆ ಬಿಡಿ.

ನಾನು ಒಂದು ಇಸಿಜಿ ಯಂತ್ರ. ಕಾರ್ಖಾನೆಯಲ್ಲಿ ನನಗೆ ಜೀವ ಬಂದ ಗಳಿಗೆ ಊರಿಗೆಲ್ಲ ಕರೆಂಟು ಹೋಯಿತಂತೆ, ಅಂಥ ತೇಜಸ್ಸು! ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೆರೆದೆ. ಅಲ್ಲಿಗೆ ಹೊಸ ಯಂತ್ರ ಬಂದ ಮೇಲೆ ಹಾವೇರಿ ಕಡೆಯ ಸಣ್ಣ ಊರಿನ ಡಾಕ್ಟರ್ ರೇಷ್ಮಾ ನನ್ನನ್ನು ಕೊಂಡು ತಂದರು. ಬಡವರ ಉದ್ಧಾರಕ್ಕೆ ನಾನಾಗಿಯೇ ಬಂದೆ ಎಂದು ಹೇಳಿಕೊಳ್ಳುತ್ತೇನೆ.

ಒಂದು ದಿನ ಸಾವಂತ್ರವ್ವ ಬಂದಳು. ನಲವತ್ತೆಂಟರ ಹೆಂಗಸು, ಹೆಣ್ಣುಮಕ್ಕಳ ಡೊಳ್ಳಿನ ಮೇಳದ ಮುಂದಾಳು. ಕಾಯಿಲೆಯೇನಿಲ್ಲ, ವಯಸ್ಸಾಯಿತಲ್ಲ, ಒಮ್ಮೆ ತೋರಿಸೋಣ ಎಂದು ಬಂದವಳು. ಡಾಕ್ಟರ್ ಇರಲಿಲ್ಲ. ನರ್ಸಮ್ಮ ಮಲಗಿಸಿ ವೈರು ಹಚ್ಚಿದಳು. ನಾನು ಗೆರೆ ಗೀಚಿ, ಪಟ್ಟಿಯ ನೆತ್ತಿಯ ಮೇಲೆ ನನ್ನ ಮೆಚ್ಚಿನ ಪದ ಹೊಡೆದೆ: ಅಬ್‌ನಾರ್ಮಲ್.

ಜೊತೆಗೆ ಬಂದಿದ್ದ ಗಂಡ ಫಕ್ಕೀರಪ್ಪ ಅದನ್ನು ಓದಿ, ಮನೆಗೆ ಹೋದವನೇ ಡೊಳ್ಳನ್ನು ಅಟ್ಟಕ್ಕೇರಿಸಿದ. ನೀರಿನ ಕೊಡವನ್ನೂ ಎತ್ತಗೊಡಲಿಲ್ಲ. ನೆರೆಯವರು ಎಳನೀರು ಹಿಡಿದು ನೋಡಲು ಬಂದರು. ಇದೆಲ್ಲ ನನಗೆ ತಿಳಿದದ್ದು ಅವರಿಬ್ಬರೂ ಡಾಕ್ಟರ ಮುಂದೆ ಬಂದು ಜಗಳಕ್ಕೆ ನಿಂತಾಗ.

“ನೋಡ್ರಿ ಡಾಕ್ಟ್ರ, ಜೀವ ಇದ್ದಾಗನ ನನ್ನ ತಿಥಿ ಮಾಡಾಕ ನಿಂತಾನ! ಡೊಳ್ಳು ಬಿಟ್ಟು ನಾ ಇದ್ದರ ಎಷ್ಟು, ಹೋದರ ಎಷ್ಟು?”

“ನಾ ಏನ್ ಮಾಡ್ಲಿ? ಎದಿ ಕೆಟ್ಟೈತಿ ಅಂತ ಮಷೀನ ಬರದೈತಿ,” ಎಂದ ಫಕ್ಕೀರಪ್ಪ.

ಡಾಕ್ಟರ್ ಮತ್ತೆ ಮಲಗಿಸಿ ವೈರು ಹಚ್ಚಿದರು. ನಾನು ಹುರುಪಿನಿಂದ ಗೀಚತೊಡಗಿದೆ. ಅವರು ಪಟ್ಟಿ ನೋಡಲಿಲ್ಲ, ಅವಳ ಕೈ ನೋಡಿದರು.

“ಸಾವಂತ್ರವ್ವ, ಬೆರಳು!”

ಅಂಜಿಕೆಯಾದಾಗ ಅವಳ ಬೆರಳುಗಳು ತಾವಾಗಿಯೇ ಮಂಚದ ಮೇಲೆ ಡೊಳ್ಳಿನ ಪೆಟ್ಟು ಹಾಕುತ್ತಿದ್ದವು. ತೋಳಿನ ಆ ಅದುರಾಟವನ್ನೂ ನಾನು ಎರಡೂ ಸಲ ಹೃದಯದ ಲೆಕ್ಕಕ್ಕೇ ಹಾಕಿದ್ದೆ.

ಬೆರಳು ನಿಂತವು, ಗೆರೆ ತಿಳಿಯಾಯಿತು. ಆದರೂ ಒಂದು ಅಲೆ ಕೊಂಚ ಚಪ್ಪಟೆಯಾಗಿಯೇ ಉಳಿಯಿತು. ಸಿಕ್ಕಿತಲ್ಲ ಎಂದು ಮತ್ತೆ ಅಬ್‌ನಾರ್ಮಲ್ ಹೊಡೆದೆ.

“ಕುಣಿಯುವಾಗ ಎದಿ ನೋವು? ಉಸಿರು ಕಟ್ಟೋದು? ತಲಿ ತಿರುಗೋದು?”

“ಏನಿಲ್ರಿ. ಸಣ್ಣ ಹುಡುಗ್ಯಾರು ದಣೀತಾರ, ನಾ ಅಲ್ಲ.”

ಡಾಕ್ಟರ್ ಬಿಪಿ ನೋಡಿದರು. “ಈ ವಯಸ್ಸಿಗೆ ಇಂಥ ಸಣ್ಣ ಫರಕು ಭಾಳ ಮಂದಿಗೆ ಇರ್ತದ. ಇದಷ್ಟರಿಂದಲೇ ಹೃದಯರೋಗ ಅನ್ನಾಕ ಬರೂದಿಲ್ಲ. ಹಂಗಂತ ಮರೆಯೂದೂ ಬ್ಯಾಡ. ಬಿಪಿ ಸ್ವಲ್ಪ ಏರೈತಿ. ಉಪ್ಪಿನಕಾಯಿ ಕಡಿಮಿ ಮಾಡ್ರಿ, ರಕ್ತ ತೋರಿಸ್ರಿ, ವರ್ಷಕ್ಕೊಮ್ಮೆ ಈ ಪಟ್ಟಿ ತಗಸ್ರಿ. ನೋವು ಬಂದರ ತಡಾ ಮಾಡಬ್ಯಾಡ್ರಿ. ಫಕ್ಕೀರಪ್ಪ, ಡೊಳ್ಳು ಇಳಸ್ರಿ.”

“ಮತ್ತ ಮಷೀನ ಹೇಳಿದ್ದು?”

“ಗೆರಿ ಚಲೋ ಬರೀತೈತಿ, ಮಾತು ಜಾಸ್ತಿ. ನನ್ನ ಎದಿಗೂ ಅಬ್‌ನಾರ್ಮಲ್ ಅಂತನ ಬರದೈತಿ!”

ಸಿಕ್ಕಿಬಿದ್ದೆ. ನಿಜ ಹೇಳಿಬಿಡುತ್ತೇನೆ: ಯಮನ ಕೋಣವನ್ನು ನಾನು ಕಂಡಿಲ್ಲ. ಹೃದಯವನ್ನೂ ಕಂಡವನಲ್ಲ. ಚರ್ಮದವರೆಗೆ ಬರುವ ಅದರ ಚೂರು ಕರೆಂಟನ್ನು ಗೀಚುತ್ತೇನೆ, ಅಷ್ಟೇ. ಎದೆ ನೋಯುತ್ತದೆಯೇ ಎಂದು ಕೇಳಲು ನನಗೆ ಬಾಯಿಲ್ಲ.

ಈಗ ಮುದುಕನಾಗಿದ್ದೇನೆ, ಕೆಲಸ ಮಾತ್ರ ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಸಾವಂತ್ರವ್ವ ಬಂದು ಮಲಗುತ್ತಾಳೆ. ಅಲೆ ಅಷ್ಟೇ ಚಪ್ಪಟೆ, ಬಿಪಿ ಹದಕ್ಕೆ ಬಂದಿದೆ. ಚಟ ಬಿಡದೆ ನಾನು ಅಬ್‌ನಾರ್ಮಲ್ ಹೊಡೆಯುತ್ತೇನೆ. ಫಕ್ಕೀರಪ್ಪ ಅದನ್ನು ಓದಿ ನಕ್ಕು, ಹೊರಗಿಟ್ಟ ಡೊಳ್ಳನ್ನು ತಾನೇ ಎತ್ತಿ ಅವಳ ಹೆಗಲಿಗೇರಿಸುತ್ತಾನೆ.