ಮೊಣಕಾಲಿಗೊಂದು ಗೂಡುದೀಪ

ಸುಳ್ಳು ಹೇಳಲು ಬಾರದವರ ಪಕ್ಕದಲ್ಲಿ ನಿಂತು ಕೆಲಸ ಮಾಡುವುದಿದೆಯಲ್ಲ, ಅದರಂಥ ಶಿಕ್ಷೆ ಇನ್ನೊಂದಿಲ್ಲ. ನಮ್ಮ ಬೊಂಗಿಮಕ್ಕ ಅಂಥವಳು. ತೊಂಗ್ಯಂಗ್ ಬಂದರಿನ ಸಿಂಪಿ ಶೆಡ್ಡಿನಲ್ಲಿ ಚಳಿಗಾಲ ಪೂರ್ತಿ ನಾವಿಬ್ಬರೂ ಒಂದೇ ಮೇಜಿಗೆ ನಿಂತು, ಸಿಂಪಿಯ ಬಾಯಿಗೆ ಚಾಕು ಹಾಕಿ ಮಾಂಸ ಬಿಡಿಸುತ್ತೇವೆ. ಅವಳು ಚರ್ಚಿನವಳು, ನಾನು ಗುಡ್ಡದ ಮೇಲಿನ ಬುದ್ಧನ ಗುಡಿಯವಳು. ಕೈಗೆ ಚಾಕು, ಬಾಯಿಗೆ ಜಗಳ.

“ಏನೇ ಮಲ್ಸುನ್, ಬೆಳಗ್ಗಿಂದ ಎಷ್ಟು ಜೀವ ತೆಗ್ದೆ? ನಿಮ್ಮ ಬುದ್ಧ ಇರುವೇನೂ ತುಳೀಬೇಡ ಅಂತಾನಂತೆ!”

“ನೀನೇನು ಅವಕ್ಕೆ ಜೋಗುಳ ಹಾಡ್ತಿದೀಯಾ ಅಕ್ಕಾ?”

“ನಮಗೆ ತಿನ್ನಿ ಅಂತ್ಲೇ ದೇವರು ಕೊಟ್ಟಿದಾನೆ ಕಣೆ.”

“ಇರ್ಲಿ ಬಿಡು. ಮುಂದಿನ ಜನ್ಮದಲ್ಲಿ ನೀನು ಸಿಂಪಿಯಾಗಿ ಹುಟ್ಟು, ನಾನು ಚಾಕು ಹಿಡ್ಕೊಂಡು ಕಾಯ್ತಿರ್ತೀನಿ.”

ಹೀಗೇ ನಡೆದಿತ್ತು. ಒಂದು ದಿನ ನನ್ನ ನಾಲಿಗೆ ಸುಮ್ಮನಿರಲಿಲ್ಲ. “ಅಕ್ಕಾ, ನಿಜ ಹೇಳು. ನಾನು ಸತ್ರೆ ಎಲ್ಲಿಗೆ ಹೋಗ್ತೀನಿ?” ಎಂದೆ. ಬೇರೆ ಯಾರಾದರೂ ಆಗಿದ್ದರೆ ಮಾತು ಹಾರಿಸುತ್ತಿದ್ದರು. ಇವಳು ಚಾಕು ಕೆಳಗಿಟ್ಟಳು.

“ನರಕಕ್ಕೆ,” ಎಂದಳು. “ಬೇಜಾರು ಮಾಡ್ಕೋಬೇಡ. ಮೂಲಂಗಿ ಕಿಮ್ಚಿ ತಂದಿದೀನಿ, ಊಟಕ್ಕೆ ಬಾ.”

ಮೈಯೆಲ್ಲ ಉರಿದುಹೋಯಿತು. ಆದರೂ ಹೋದೆ, ಅವಳ ಕಿಮ್ಚಿ ಅಷ್ಟು ಚೆನ್ನಾಗಿರುತ್ತದೆ.

ಇದು ಸಾಲದು ಅಂತ ಬೆಳಗಿನ ಜಾವದ ಪ್ರಾರ್ಥನೆಯಲ್ಲಿ ದಿನಾ ನನ್ನ ಹೆಸರು ಹಿಡಿದು ಕೂಗುತ್ತಾಳೆ. ಆ ಚರ್ಚಿನಲ್ಲಿ ಎಲ್ಲರೂ ಒಟ್ಟಿಗೇ ಕೂಗಿ ಪ್ರಾರ್ಥಿಸುವುದು, ಅದರಲ್ಲೂ ಇವಳ ಗಂಟಲು ಮೀನು ಮಾರ್ಕೆಟ್ಟಿನವರೆಗೆ ಕೇಳುತ್ತದೆ. “ಏನಮ್ಮ ಮಲ್ಸುನ್, ಹುಷಾರಿಲ್ವಾ? ನಿನ್ನ ಆತ್ಮಕ್ಕೆ ಏನೋ ಆಗಿದೆಯಂತೆ?” ಎಂದು ಮೀನಿನವರೆಲ್ಲ ನನ್ನನ್ನು ಕೇಳುತ್ತಾರೆ. ನಾಚಿಕೆಯಾಗುತ್ತದೆ. ಆದರೆ ನಿಲ್ಲಿಸು ಅಂತ ನಾನು ಯಾವತ್ತೂ ಹೇಳಲಿಲ್ಲ.

ಆ ವರ್ಷ ಸೀಸನ್ ಮುಗಿಯುವ ಹೊತ್ತಿಗೆ ಅಕ್ಕನ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ಮೇಜು ಹಿಡಿದುಕೊಂಡು ನಿಲ್ಲುತ್ತಿದ್ದಳು, ನೋವು ಅಂತ ಬಾಯಿ ಬಿಡುತ್ತಿರಲಿಲ್ಲ. ನನಗೆ ನೋಡಲಾಗಲಿಲ್ಲ. ಬುದ್ಧಜಯಂತಿಗೆ ಗುಡಿಯಂಗಳದಲ್ಲಿ ಅವಳ ಹೆಸರಿನ ಚೀಟಿ ಕಟ್ಟಿ ಒಂದು ಗೂಡುದೀಪ ತೂಗುಹಾಕಿಸಿದೆ. ಬುದ್ಧನಿಗೂ ಬಿಡಿಸಿ ಹೇಳಿದೆ: “ಸ್ವಾಮಿ, ಇವಳು ನಿಮ್ಮ ಕಡೆಯವಳಲ್ಲ. ಬೇರೇನೂ ಮುಟ್ಟಬೇಡಿ, ಮೊಣಕಾಲು ಮಾತ್ರ ನೋಡ್ಕೊಳ್ಳಿ.”

ಅದನ್ನು ಕಂಡವಳು ಓಕ್‌ಬುನ್. ಅವಳೂ ಅಕ್ಕನ ಚರ್ಚಿನವಳೇ. ಹಬ್ಬದ ದಿನ ಗುಡಿಯಲ್ಲಿ ಹಂಚುವ ಸೊಪ್ಪು ಕಲಸಿದ ಅನ್ನವನ್ನು ಪುಕ್ಕಟೆ ತಿನ್ನಲು ಬಂದಿದ್ದಳು. ತಿಂದಳು, ಇನ್ನೊಂದು ಬಟ್ಟಲು ಹಾಕಿಸಿಕೊಂಡಳು, ಬಾಯಿ ಒರೆಸಿಕೊಂಡು ನೆಟ್ಟಗೆ ಪಾಸ್ಟರ್ ಹತ್ತಿರ ಓಡಿದಳು.

ಆ ಭಾನುವಾರವೇ ಚರ್ಚಿನಲ್ಲಿ ಸಭೆಯ ಹಿರಿಯಮ್ಮನ ಆಯ್ಕೆ. ಆ ಪದವಿಗಾಗಿ ಅಕ್ಕ ಅರ್ಧ ಆಯುಷ್ಯ ಕಾದಿದ್ದಳು. ಅವತ್ತು ಉಡಲೆಂದು ತಿಳಿಹಸಿರು ಹನ್‌ಬೊಕ್ ಕೂಡ ಹೊಲಿಸಿಟ್ಟುಕೊಂಡಿದ್ದಳು. ಪಾಸ್ಟರ್ ಮಿನ್ ಪಾಪ, ಚಿಕ್ಕ ವಯಸ್ಸಿನವರು, ಮುದುಕಿಯರೆಂದರೆ ಹೆದರಿಕೆ. “ಭಾನುವಾರದೊಳಗೆ ನೀವೇ ಹೋಗಿ ಆ ಚೀಟಿ ತೆಗೆದುಬಿಡಿ, ಮಾತು ಅಲ್ಲಿಗೆ ಮುಗೀತು,” ಎಂದರಂತೆ.

ಅಕ್ಕ ನನ್ನ ಬಾಗಿಲಿಗೆ ಬಂದಳು. “ಯಾರನ್ನ ಕೇಳಿ ನನ್ನ ಹೆಸರು ಅಲ್ಲಿ ನೇತುಹಾಕ್ದೆ? ನಡಿ, ತೋರ್ಸು!”

ಗುಡ್ಡ ಹತ್ತುವಾಗ ದಾರಿಯುದ್ದಕ್ಕೂ ಬೈದಳು. ಗುಡಿಯಲ್ಲಿ ಕಸ ಗುಡಿಸುತ್ತಿದ್ದ ಭಿಕ್ಷುಗಳು ವಿಷಯ ಕೇಳಿ, “ತೆಗೀರಿ ತಾಯಿ. ಏಣಿ ಕೊಡ್ಲಾ?” ಎಂದರು. ಅಕ್ಕ ದೀಪದ ಕೆಳಗೆ ನಿಂತವಳು ಥಟ್ಟನೆ ನನ್ನ ತೋಳು ಹಿಡಿದಳು.

“ಮಲ್ಸುನ್, ನಾನು ಗುಡ್ಡ ಹತ್ತಿದೆ ಕಣೆ. ಕಾಲು ನೋಯ್ಲೇ ಇಲ್ಲ.”

“ನೋಡ್ದ್ಯಾ!”

“ಏನು ನೋಡೋದು? ಇದು ನಮ್ಮ ದೇವರ ಕೆಲಸ.”

“ನಿಮ್ಮ ದೇವರು ಇಷ್ಟು ದಿನ ಎಲ್ಲಿಗೆ ಹೋಗಿದ್ದ?”

“ಸಮಯ ನೋಡ್ತಿದ್ದ.”

ಸೀಸನ್ ಮುಗಿದು ಕಾಲಿಗೆ ವಿಶ್ರಾಂತಿ ಸಿಕ್ಕಿತ್ತು ಅನ್ನುವ ಮಾತು ನಮ್ಮಿಬ್ಬರಿಗೂ ಬೇಡವಾಗಿತ್ತು. ಕೊನೆಗೆ ಅವಳು, “ನೀನು ಮುಂದೆ ನಡಿ. ನೀನು ನೋಡ್ತಿದ್ರೆ ಕೀಳೋಕೆ ನನಗೆ ಕೈ ಬರಲ್ಲ,” ಎಂದಳು. ನಾನು ಇಳಿದು ಬಂದೆ. ಹಿಂದಿನಿಂದ ಬಂದವಳು ಜೇಬಿನಿಂದ ಕೈ ತೆಗೆಯಲಿಲ್ಲ, ಚೀಟಿ ಏನಾಯಿತು ಅಂತ ನಾನೂ ಕೇಳಲಿಲ್ಲ.

ಭಾನುವಾರ ನಾನೂ ಹೋಗಿ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತೆ. ತಿಳಿಹಸಿರು ಹನ್‌ಬೊಕ್‌ನಲ್ಲಿ ಅಕ್ಕ ಮದುವಣಗಿತ್ತಿಯ ಹಾಗೆ ಕಾಣುತ್ತಿದ್ದಳು. ಪಾಸ್ಟರ್ ಎಲ್ಲರೆದುರು ಮೆಲ್ಲಗೆ ಕೇಳಿದರು: “ಆ ಚೀಟಿ ತೆಗೆದಿರಿ ಅಲ್ವಾ?”

ಹ್ಞೂಂ ಅಂದಿದ್ದರೆ ಸಾಕಿತ್ತು. ಗುಡ್ಡ ಹತ್ತಿ ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ. ಹ್ಞೂಂ ಅನ್ನು ಮಾರಾಯ್ತಿ, ಒಂದೇ ಒಂದು ಸಲ ಸುಳ್ಳು ಹೇಳು ಅಂತ ನಾನು ಬುದ್ಧನಿಗೂ ಅವಳ ಯೇಸುವಿಗೂ ಒಟ್ಟಿಗೇ ಕೈ ಮುಗಿದೆ.

“ಇಲ್ಲ,” ಎಂದಳು ಅಕ್ಕ.

“ಕೇಳಿದ್ರಾ!” ಎಂದಳು ಓಕ್‌ಬುನ್.

“ನೀನು ಸುಮ್ನಿರೇ, ಎರಡು ಬಟ್ಟಲು ತಿಂದೋಳೆ,” ಎಂದು ಅಕ್ಕ ಪಾಸ್ಟರ್ ಕಡೆ ತಿರುಗಿದಳು. “ಕಿತ್ತುಹಾಕೋಣ ಅಂತ್ಲೇ ಹೋಗಿದ್ದೆ ಸ್ವಾಮಿ. ಕೈಯಲ್ಲಿ ಹಿಡ್ಕೊಂಡಿದ್ದೂ ಆಯ್ತು. ಆದ್ರೆ ನಾನಿಲ್ಲಿ ದಿನಾ ಅವಳ ಹೆಸರು ಕೂಗ್ತೀನಿ. ಊರೆಲ್ಲ ನಕ್ರೂ, ನನ್ನ ಹೆಸರು ಎತ್ಬೇಡ ಅಂತ ಅವಳು ಒಂದಿನಾನೂ ಅನ್ಲಿಲ್ಲ. ಅವಳು ನೇತುಹಾಕಿದ ನನ್ನ ಹೆಸರನ್ನ ನಾನು ಯಾವ ಮುಖ ಇಟ್ಕೊಂಡು ಕೀಳ್ಲಿ?”

ಹಿರಿಯಮ್ಮ ಆದವಳು ಓಕ್‌ಬುನ್. ನಾವಿಬ್ಬರೂ ಅಲ್ಲಿನ ನೂಡಲ್ ಊಟ ಬಿಡದೆ ಮುಗಿಸಿಯೇ ಹೊರಟೆವು. ಬಂದರಿನ ದಾರಿಯಲ್ಲಿ ಅಕ್ಕ ಹೊಸ ಹನ್‌ಬೊಕ್ ಎತ್ತಿಹಿಡಿದು ನಡೆಯುತ್ತಿದ್ದಳು. ನನ್ನ ಹಾಳು ನಾಲಿಗೆ ಮತ್ತೆ ಸುಮ್ಮನಿರಲಿಲ್ಲ.

“ಅಕ್ಕಾ, ಈಗ್ಲಾದ್ರೂ ಹೇಳು. ನಾನು ಸತ್ರೆ ಎಲ್ಲಿಗೆ ಹೋಗ್ತೀನಿ?”

ಅವಳು ನಿಂತಳು. ಮುಖ ಸಣ್ಣಗಾಯಿತು, ಕಣ್ಣಲ್ಲಿ ನೀರು ತುಂಬಿತು.

“ನರಕಕ್ಕೇ ಕಣೆ,” ಎಂದಳು. “ಅದಕ್ಕೇ ಅಲ್ವೇನೇ ನಾನು ಅಷ್ಟು ಜೋರಾಗಿ ಕೂಗೋದು!”