ಕಾಲು ಉದ್ದ ಮಾಡಿದ ಜೀಪು

ಗುಡ್ಡದ ಮೇಲಿನ ಊರಿಗೆ ಟಾರು ರಸ್ತೆ ಇರಲಿಲ್ಲ. ಬಸ್ಸು ಗುಡ್ಡದ ಬುಡದವರೆಗೆ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಮೇಲೆ ಬರೀ ಕಲ್ಲು, ಕೊರಕಲು, ಕೆಸರು. ಕಾಲಲ್ಲಿ ಕಸುವಿದ್ದವರು ನಡೆದು ಹೋಗುತ್ತಿದ್ದರು, ಇಲ್ಲದವರು ಇದ್ದಲ್ಲೇ ಇರುತ್ತಿದ್ದರು.

ಬಡಗಿಯ ತಾಯಿಗೆ ಮಂಡಿನೋವು. ಅವಳ ಒಬ್ಬಳೇ ತಂಗಿ ಇದ್ದದ್ದು ಆ ಗುಡ್ಡದ ಮೇಲೆ. ಅಕ್ಕತಂಗಿಯರು ಮುಖ ನೋಡಿ ವರ್ಷಗಳೇ ಆಗಿದ್ದವು. ಈಗ ತಂಗಿ ಹಾಸಿಗೆ ಹಿಡಿದಿದ್ದಾಳೆ ಎಂಬ ಸುದ್ದಿ ಬಂದಿತ್ತು. ಫೋನಿನಲ್ಲಿ ಅವಳು ಕೇಳಿದ್ದು ಒಂದೇ. ಚಿಕ್ಕವರಿದ್ದಾಗ ಇಬ್ಬರೂ ಸೇರಿ ಹೊಲಿಗೆ ಕಲಿತ ಆ ಕೈಮಿಷನ್ನಿನ ಸದ್ದು ಇನ್ನೊಂದು ಸಲ ಕೇಳಬೇಕು ಅಂತ.

ಬಡಗಿಗೆ ತಾಯಿ ಎಂದರೆ ಪ್ರಾಣ. ಅದು ಬಿಟ್ಟರೆ ಅವನ ಹಳೇ ಫೋರ್ ವೀಲ್ ಜೀಪು. ತನ್ನದು ಮೂರನೇ ಸ್ಥಾನ ಎಂದು ಹೆಂಡತಿ ನಗುತ್ತಲೇ ಚುಚ್ಚುತ್ತಿದ್ದಳು. ತಾಯಿಯನ್ನು ಗುಡ್ಡ ಹತ್ತಿಸಲೆಂದೇ ಅವನು ಆ ಜೀಪಿಗೆ ಉದ್ದನೆಯ ಸ್ಪ್ರಿಂಗು, ದೊಡ್ಡ ಟಯರು ಹಾಕಿಸಿ ಅರ್ಧ ಗೇಣು ಎತ್ತರ ಮಾಡಿಸಿದ. ಬೀದಿಯವರು ಅದಕ್ಕೆ ‘ಉಪ್ಪರಿಗೆ’ ಎಂದು ಹೆಸರಿಟ್ಟರು. ಮೆಟ್ಟಿಲೆಲ್ಲಿ ಎಂದು ರೇಗಿಸಿದವರಿಗೆ ಅವನು ಒಂದು ಸ್ಟೂಲು ತೋರಿಸುತ್ತಿದ್ದ. ತಾಯಿ ಹತ್ತಿ ಕೂರಲೆಂದು ತಾನೇ ಮಾಡಿದ್ದು. ಪಾದ ಜಾರದಿರಲೆಂದು ಮೇಲೆ ರಬ್ಬರ್ ತುಂಡನ್ನೂ ಅಂಟಿಸಿದ್ದ.

ಹೊರಡುವ ದಿನ ಬೆಳಗ್ಗೆ ಜೀಪಿನ ತಲೆಯ ಮೇಲಿನ ಕ್ಯಾರಿಯರಿಗೆ ಅವನು ಸಾಮಾನು ಕಟ್ಟುತ್ತಿದ್ದ. ಕಬ್ಬಿಣದ ಹೊಲಿಗೆ ಮಿಷನ್ನು, ನೀರಿನ ಕ್ಯಾನು, ಹಾಸಿಗೆ ಸುರುಳಿ, ಮೇಲೊಂದು ಟ್ರಂಕು. ಎದುರು ಮನೆಯ ಡ್ರೈವರಕ್ಕ ಹಲ್ಲುಜ್ಜುತ್ತ ಹೊರಗೆ ಬಂದಳು. ಗುಡ್ಡದ ಊರುಗಳಿಗೆ ಆಸ್ಪತ್ರೆಯ ಗಾಡಿ ಓಡಿಸುವವಳು ಅವಳೇ.

“ಏನಪ್ಪ ತಮ್ಮ, ಮನೇನೇ ಹೊತ್ಕೊಂಡು ಎಲ್ಲಿಗೆ ಹೊರಟೆ?”

“ಗುಡ್ಡಕ್ಕೆ ಅಕ್ಕ. ಅಮ್ಮನ್ನ ಚಿಕ್ಕಮ್ಮನ ಹತ್ರ ಕರ್ಕೊಂಡು ಹೋಗ್ತಿದೀನಿ.”

“ಎತ್ತರ ಮಾಡಿಸಿದ ಮೇಲೆ ಗಾಡೀನ ಯಾರಿಗಾದ್ರೂ ತೋರಿಸಿದ್ಯಾ?”

“ತೋರಿಸೋದೇನಕ್ಕ, ಇಡೀ ಬೀದೀನೇ ನೋಡ್ತಾ ಇದೆ.”

“ಬೀದಿ ನೋಡೋದು ಮೇಲಿಂದ. ನಾನು ಕೇಳಿದ್ದು ಹೊಟ್ಟೆ ಕೆಳಗೆ ಬಗ್ಗಿ ನೋಡಿದ್ರಾ ಅಂತ.”

ಬಡಗಿ ಹಗ್ಗ ಬಿಗಿಯುತ್ತ ಹೇಳಿದ, “ಗ್ಯಾರೇಜಿನವನು ಸ್ವಲ್ಪ ಓಡಿಸಿ ವಾಪಸ್ ತಗೊಂಡು ಬಾ ಅಂದಿದ್ದ. ಬ್ರೇಕಿನ ಪೈಪು ಬದಲಾಯಿಸ್ಬೇಕು, ಬೋಲ್ಟು ನೋಡ್ಬೇಕು, ಅದೂ ಇದೂ ಅಂತ. ಅವನಿಗೆ ವ್ಯಾಪಾರ ಅಕ್ಕ. ಗಾಡಿ ಎತ್ತರ ಆಯ್ತು, ಕಲ್ಲು ತಾಗಲ್ಲ. ಇನ್ನೇನು ಬೇಕು?”

ಡ್ರೈವರಕ್ಕ ಬಾಯಿ ಮುಕ್ಕಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಸೀದಾ ಅವನ ಕೆಲಸದ ಕೊಟ್ಟಿಗೆಗೆ ನಡೆದಳು. ಮೂಲೆಯಲ್ಲಿದ್ದ ಮರದ ತುಂಡುಗಳಲ್ಲಿ ಎರಡನ್ನು ಆರಿಸಿದಳು. ಒಂದು ಕುಳ್ಳಗಿತ್ತು, ಇನ್ನೊಂದು ಉದ್ದಕ್ಕಿತ್ತು. ಎರಡರ ಬುಡವೂ ಒಂದೇ ಅಳತೆ. ಹಲಗೆಯ ಮೇಲೆ ಅವನ್ನು ನಿಲ್ಲಿಸಿ ಹಲಗೆಯ ಒಂದು ಮಗ್ಗುಲನ್ನು ಮೆಲ್ಲಗೆ ಎತ್ತಿದಳು. ಉದ್ದನೆಯದು ದಬಕ್ಕನೆ ಬಿತ್ತು. ಕುಳ್ಳನೆಯದು ಕದಲಲಿಲ್ಲ.

“ಉದ್ದ ಕಾಲಿನ ಸ್ಟೂಲು ಮಾಡಿಕೊಡು ಅಂತ ಯಾರಾದ್ರೂ ಬಂದ್ರೆ ನೀನು ಏನಂತೀಯ?”

“ಕಾಲು ಉದ್ದ ಆದ್ರೆ ಕಾಲು ಅಗಲಿಸ್ಬೇಕು ಅಂತೀನಿ. ಇಲ್ಲಾಂದ್ರೆ ಕೂತವರು ಬೀಳ್ತ…”

ಬಂದ ಗಿರಾಕಿಗಳಿಗೆಲ್ಲ ಅವನು ಉಪದೇಶದಂತೆ ಹೇಳುವ ಮಾತು ಅದು. ಒಂದು ಸ್ಟೂಲಿಗೆ ಇಷ್ಟು ಯೋಚಿಸುವವನು, ತಾಯಿ ಕೂರುವ ಜೀಪಿನ ಕಾಲು ಉದ್ದ ಮಾಡುವಾಗ ಅದನ್ನು ಮರೆತಿದ್ದ.

“ಜೀಪಿನ ಕಾಲು ಸ್ಟೂಲಿನ ಹಾಗೆ ಅಗಲಿಸೋಕೆ ಆಗಲ್ಲ ತಮ್ಮ,” ಎಂದಳು ಡ್ರೈವರಕ್ಕ. “ಅದಕ್ಕೇ ಭಾರ ಕೆಳಗಿಳಿಸ್ಬೇಕು, ಓಡಿಸೋನು ನಿಧಾನ ಆಗ್ಬೇಕು. ನೀನು ಎತ್ತರ ಮಾಡಿ ಅದರ ತಲೆ ಮೇಲೆ ಕಬ್ಬಿಣ ಬೇರೆ ಕಟ್ಟಿದೀಯ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ತಾಯಿ ಹೇಳಿದಳು, “ಇಳಿಜಾರಲ್ಲಿ ತಲೆ ಮೇಲಿನ ಕೊಡ ಸೊಂಟಕ್ಕೆ ಇಳಿಸ್ಕೋಬೇಕು ಅಂತ ನಮ್ಮಮ್ಮ ಹೇಳೋಳು. ಈ ಮಾತು ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ.”

ಆದರೂ ಬಡಗಿಯ ಮನಸ್ಸು ಒಪ್ಪಲಿಲ್ಲ. ಚಿಕ್ಕಮ್ಮ ಎಷ್ಟು ದಿನ ಇರುತ್ತಾಳೋ ಯಾರಿಗೆ ಗೊತ್ತು? ಸಾಮಾನು ಕೆಳಗಿಳಿಸಿ ಹೊರಟರಾಯಿತು ಎಂದ. ಡ್ರೈವರಕ್ಕ ವಾದ ಮಾಡಲಿಲ್ಲ. ಸಾಮಾನು ಇಳಿಸಿದ ಮೇಲೆ ಮಿಕ್ಕ ಚಕ್ರಗಳಿಗೆ ಅಡ್ಡ ಕೊಡಿಸಿ, ಜ್ಯಾಕಿನಿಂದ ಜೀಪಿನ ಒಂದು ಪಕ್ಕ ಎತ್ತಿಸಿದಳು. ಜ್ಯಾಕನ್ನೊಂದೇ ನಂಬಬಾರದೆಂದು ಅಡಿಯ ಕಬ್ಬಿಣದ ಚೌಕಟ್ಟಿಗೆ ದಪ್ಪ ಮರದ ದಿಮ್ಮಿಯ ಆಸರೆ ಕೊಡಿಸಿದಳು. ಮುಂದಿನ ಚಕ್ರ ನೆಲ ಬಿಟ್ಟು ಜೋತುಬಿತ್ತು.

“ಈಗ ಬಗ್ಗಿ ನೋಡು.”

ಬಡಗಿ ಬಗ್ಗಿ ನೋಡಿದ. ಚಕ್ರಕ್ಕೆ ಬ್ರೇಕಿನ ಎಣ್ಣೆ ಒಯ್ಯುವ ರಬ್ಬರ್ ಪೈಪು ಬಿಲ್ಲಿನ ಹೆದೆಯಂತೆ ಬಿಗಿದು ನಿಂತಿತ್ತು. ಜೀಪು ಎತ್ತರವಾಗಿತ್ತು, ಪೈಪು ಹಳೆಯ ಅಳತೆಯದೇ ಇತ್ತು. ಸ್ಪ್ರಿಂಗಿನ ಒಂದು ಬೋಲ್ಟು ಬೆರಳಿಗೇ ತಿರುಗಿತು.

“ಚಕ್ರ ಗುಂಡಿಗೆ ಇಳಿದಾಗ ಹೀಗೇ ಜೋತುಬೀಳುತ್ತೆ. ಆಗ ಪೈಪು ಕಿತ್ಕೊಂಡ್ರೆ ಬ್ರೇಕ್ ಇಲ್ಲ. ಅದೂ ಗುಡ್ಡದ ಇಳಿಜಾರಲ್ಲಿ,” ಎಂದಳು ಡ್ರೈವರಕ್ಕ. ಅವಳ ದನಿಯಲ್ಲಿ ಗೆದ್ದ ಗರ್ವ ಇರಲಿಲ್ಲ. ಆ ಇಳಿಜಾರಿನಿಂದ ಗಾಡಿ ಉರುಳಿ ಬಿದ್ದವರನ್ನು ಹೊತ್ತು ತಂದಿದ್ದವಳು ಅವಳು.

ಬಡಗಿ ತಲೆಯೆತ್ತಿದ. ತಾಯಿ ಅವನು ಮಾಡಿಕೊಟ್ಟ ಸ್ಟೂಲಿನ ಮೇಲೆ, ಒಳ್ಳೆಯ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಈ ಜೀವವನ್ನು ಕೂರಿಸಿಕೊಂಡು ತಾನು ಹೊರಟಿದ್ದೆನಲ್ಲ ಎಂದುಕೊಂಡ. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

“ಪೈಪು ತರಿಸೋಕೆ ಒಂದು ವಾರ ಆಗುತ್ತೆ ಅಂದಿದ್ದ ಗ್ಯಾರೇಜಿನವನು, ಅಮ್ಮ. ಅಷ್ಟರಲ್ಲಿ ಚಿಕ್ಕಮ್ಮಂಗೆ ಏನಾದ್ರೂ ಆದ್ರೆ?”

ತಾಯಿ ಅವನ ತಲೆಯ ಮೇಲಿನ ಮರದ ಪುಡಿ ಕೊಡವಿದಳು. “ಮಗನೇ, ನಾನು ಹೊರಟಿರೋದು ಅವಳನ್ನ ನೋಡೋಕೆ. ಅವಳಿಗಿಂತ ಮುಂಚೆ ಹೋಗೋಕಲ್ಲ.”

ಆಮೇಲೆ ಅವಳೇ ಫೋನು ಮಾಡಿದಳು. “ಪುಟ್ಟಿ, ಒಂದು ವಾರ ತಡ ಆಗುತ್ತೆ ಕಣೇ. ಕಾಯ್ತೀಯಾ?”

ಆ ಕಡೆಯ ದನಿ ಸಣ್ಣಗಿತ್ತು. “ಇಷ್ಟು ವರ್ಷ ಕಾದವಳಿಗೆ ಒಂದು ವಾರ ಏನು. ಮಿಷನ್ ಮಾತ್ರ ಮರೀಬೇಡ.”

ಆ ವಾರ ಬಡಗಿ ಉಳಿ ಮುಟ್ಟಲಿಲ್ಲ, ಬೇರೆಯವರ ಬಾಗಿಲು ಕಿಟಕಿಗಳೆಲ್ಲ ಹಾಗೇ ಉಳಿದವು. ಗ್ಯಾರೇಜಿನವನ ಹತ್ತಿರ ಹೋಗಿ, ತಪ್ಪಾಯಿತು ಮಾರಾಯ ಎಂದ. ಉದ್ದನೆಯ ಬ್ರೇಕ್ ಪೈಪು ಬಂತು. ಎಲ್ಲ ಬೋಲ್ಟುಗಳನ್ನೂ ಬಿಗಿದು, ಚಕ್ರಗಳನ್ನು ನೇರ ಮಾಡಿಸಿದರು. ಗಾಡಿಯ ರೂಪ ಬದಲಾಯಿಸಿದ್ದಕ್ಕೆ ಸಾರಿಗೆ ಆಫೀಸಿನಲ್ಲಿ ಒಪ್ಪಿಗೆ ಪಡೆಯಬೇಕು ಎಂಬುದೂ ಅವನಿಗೆ ಆಗಲೇ ಗೊತ್ತಾದದ್ದು. ಓಡಾಡಿ ಅದನ್ನೂ ಪಡೆದ. ಜೀಪು ಮೂತಿ ಎತ್ತಿದ್ದರಿಂದ ದೀಪಗಳು ಎದುರಿಗೆ ಬರುವವರ ಕಣ್ಣಿಗೆ ಹೊಡೆಯುತ್ತಿದ್ದವು, ಅವನ್ನೂ ತಗ್ಗಿಸಿದರು. ಡ್ರೈವರಕ್ಕ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, ಎತ್ತರದ ಗಾಡಿಯನ್ನು ತಿರುವಿನಲ್ಲಿ ಹೇಗೆ ಮೆತ್ತಗೆ ತಿರುಗಿಸಬೇಕು, ಕೆಸರಿಗೆ ಇಳಿದು ಹೂತುಕೊಂಡ ಮೇಲಲ್ಲ, ಇಳಿಯುವ ಮುಂಚೆಯೇ ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಗೇರು ಹೇಗೆ ಹಾಕಬೇಕು ಎಂದು ಕಲಿಸಿದಳು. ಬಡಗಿಯ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ತಾನೂ ಕಲಿತಳು. “ಮೂರನೇ ಸ್ಥಾನದವಳಿಗೂ ಸ್ಟೀರಿಂಗ್ ಗೊತ್ತಿರಲಿ,” ಎಂದಳು.

ಹೊರಟ ದಿನ ಹೊಲಿಗೆ ಮಿಷನ್ನು ಜೀಪಿನ ನೆಲದ ಮೇಲೆ, ಸೀಟಿನ ಹಿಂದೆ, ಅಲುಗಾಡದಂತೆ ಕಟ್ಟಿಸಿಕೊಂಡು ಕೂತಿತ್ತು. ಕ್ಯಾರಿಯರಿನಲ್ಲಿ ಹಾಸಿಗೆ ಸುರುಳಿ ಬಿಟ್ಟರೆ ಏನೂ ಇರಲಿಲ್ಲ. ತಾಯಿ ಸ್ಟೂಲು ಹತ್ತಿ ಕೂತು ಬೆಲ್ಟು ಹಾಕಿಕೊಂಡಳು. ಒಂಟಿ ಗಾಡಿ ಹೋಗಬಾರದೆಂದು, ಡ್ರೈವರಕ್ಕ ಆಸ್ಪತ್ರೆಯ ಗಾಡಿ ಗುಡ್ಡಕ್ಕೆ ಹೋಗುವ ದಿನವನ್ನೇ ಗೊತ್ತುಮಾಡಿದ್ದಳು. ಗುಡ್ಡದ ಬುಡದಲ್ಲಿ ಇಬ್ಬರೂ ಟಯರಿನ ಗಾಳಿಯನ್ನು ತುಸು ಇಳಿಸಿದರು. ಗಾಳಿ ಕಮ್ಮಿಯಾದರೆ ಟಯರು ಅಗಲವಾಗಿ ನೆಲ ಹಿಡಿಯುತ್ತದೆ. ಮತ್ತೆ ಟಾರು ರಸ್ತೆಗೆ ಬಂದಾಗ ತುಂಬಿಕೊಳ್ಳಲು ಪಂಪು ಜೊತೆಗಿತ್ತು.

ಅರ್ಧ ದಾರಿಯಲ್ಲಿ ಒಂದು ಕಡೆ ದಾರಿ ಕಣಿವೆಯ ಪಕ್ಕಕ್ಕೆ ವಾಲಿಕೊಂಡಿತ್ತು. ಹಿಂದಿನ ವಾರವಾಗಿದ್ದರೆ ಬಡಗಿ ಒಂದೇ ಉಸಿರಿಗೆ ಹೊಡೆಯುತ್ತಿದ್ದ. ಈಗ ಜೀಪು ನಿಲ್ಲಿಸಿ, ಇಳಿದು, ಆ ವಾಲಿದ ಜಾಗದ ಮೇಲೆ ನಡೆದು ನೋಡಿದ. ಹಲಗೆಯ ಮೇಲೆ ದಬಕ್ಕನೆ ಬಿದ್ದ ಮರದ ತುಂಡು ಕಣ್ಣ ಮುಂದೆ ಬಂತು.

“ಅಮ್ಮ, ಇಲ್ಲಿ ಸ್ವಲ್ಪ ನಡೀತೀಯಾ? ನಾನು ಕೈ ಹಿಡ್ಕೋತೀನಿ.”

“ನೀನು ನಡೆಯೋದು ಕಲಿತಾಗ ನಾನು ಹಿಡ್ಕೊಂಡಿರಲಿಲ್ವಾ,” ಎಂದು ತಾಯಿ ಸ್ಟೂಲಿನ ಮೇಲೆ ಕಾಲಿಟ್ಟು ಇಳಿದಳು. ಮಂಡಿ ನೋಯುತ್ತಿದ್ದರೂ ಮಗನ ಕೈ ಹಿಡಿದು ಆಚೆ ದಾಟಿದಳು. ಅವನು ವಾಪಸ್ ಬಂದು, ಡ್ರೈವರಕ್ಕ ಕೈ ತೋರಿಸಿದ ಜಾಡಿನಲ್ಲಿ, ದಾರಿಯ ಒಳಮಗ್ಗುಲಿಗೆ ಜೀಪನ್ನು ಮೆಲ್ಲಗೆ ದಾಟಿಸಿದ. ಒಂದು ಚಕ್ರ ಕೊರಕಲಿಗೆ ಇಳಿದು ಜೋತುಬಿತ್ತು. ಅವನು ಬ್ರೇಕು ಒತ್ತಿದ. ಜೀಪು ಕಚ್ಚಿ ನಿಂತಿತು. ಅವನ ಕಣ್ಣಲ್ಲಿ ನೀರು ಬಂತು.

ಚಿಕ್ಕಮ್ಮನ ಮನೆಯಲ್ಲಿ ಅಕ್ಕತಂಗಿಯರು ಒಬ್ಬರ ಕೆನ್ನೆ ಒಬ್ಬರು ಸವರಿದರು. ಆಮೇಲೆ ತಾಯಿ ಮಂಚದ ಪಕ್ಕ ಆ ಅಗಲ ಕಾಲಿನ ಸ್ಟೂಲಿನ ಮೇಲೆ ಮಿಷನ್ನು ಇಡಿಸಿ, ಬಟ್ಟೆಯ ಚೂರೊಂದನ್ನು ಸೂಜಿಯ ಕೆಳಗಿಟ್ಟು ಹಿಡಿ ತಿರುಗಿಸಿದಳು. ಟಕಟಕ ಟಕಟಕ. ಸ್ಟೂಲು ಅಲ್ಲಾಡಲಿಲ್ಲ. ಚಿಕ್ಕಮ್ಮ ಕಣ್ಣು ಮುಚ್ಚಿ ಕೇಳಿದಳು.

“ಹೊಲಿಗೆ ಸೊಟ್ಟ ಹೋಗ್ತಿದೆ ಅಕ್ಕ,” ಎಂದಳು. “ನಿಧಾನ ತಿರುಗಿಸು. ನಾನೇನು ಓಡಿ ಹೋಗಲ್ಲ.”

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕಾಲು ಉದ್ದ ಮಾಡಿದ ಜೀಪು ಇದೆಯೇ? ಗುಡ್ಡಕ್ಕೆ ಹೊರಡುವ ಮುಂಚೆ ಒಂದು ಸಲ ಅದರ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ. ಬ್ರೇಕಿನ ಪೈಪು ಸಾಕಷ್ಟು ಉದ್ದವಿದೆಯೇ, ಬೋಲ್ಟು ಬಿಗಿಯಿದೆಯೇ ಎಂದು ತಿಳಿದವರ ಕೈಯಲ್ಲಿ ನೋಡಿಸಿ. ಭಾರವನ್ನು ತಲೆಯಿಂದ ಕೆಳಗಿಳಿಸಿ, ಬೆಲ್ಟು ಹಾಕಿಕೊಳ್ಳಿ, ಜೊತೆಗೊಂದು ಗಾಡಿ ಇರಲಿ. ದಾರಿ ಅನುಮಾನವೆನಿಸಿದರೆ ಇಳಿದು ನಡೆದು ನೋಡಿ, ಆಗದಿದ್ದರೆ ವಾಪಸ್ ಬನ್ನಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಗುಡ್ಡದ ಮೇಲೆ ನಿಮಗಾಗಿ ಕಾಯುತ್ತಿರುವವರು ಒಂದು ವಾರ ಹೆಚ್ಚು ಕಾಯುತ್ತಾರೆ. ನೀವು ತಡವಾಗಿಯಾದರೂ ಬರಬೇಕು, ಅವರಿಗೆ ಬೇಕಾದದ್ದು ಅಷ್ಟೇ.